ಒಬ್ಬಳೇ ನಡೆಯಲು ಚಿತ್ರದುರ್ಗ, ಸೂಳೆಕೆರೆ, ಮಾರಿಕಣಿವೆ: ನನ್ನ ಹೋಲಿಕೆ

ದಾವಣಗೆರೆಯಲ್ಲಿ ಕೆಲಸ ಮಾಡುತ್ತಾ, ರಜೆ ಸಿಕ್ಕಾಗಲೆಲ್ಲ ಬೆನ್ನಿಗೊಂದು ಚೀಲ ಏರಿಸಿ ಒಬ್ಬಳೇ ಹೊರಡುವ ನನಗೆ ಹತ್ತಲು ಬೆಟ್ಟವೂ ಬೇಕು, ಕೂರಲು ನೀರಿನ ದಡವೂ ಬೇಕು, ಖರ್ಚು ಮಾತ್ರ ಕೈಮೀರಬಾರದು. ಊಟಿ, ಕೊಡೈಕೆನಾಲ್‌ಗಳಂತಹ ಕೆರೆಯುಳ್ಳ ಗಿರಿಧಾಮಗಳಿಗೆ ಬೇಕಾಗುವಷ್ಟು ಹಣವೂ ರಜೆಯೂ ನನ್ನಲ್ಲಿಲ್ಲವಾದ್ದರಿಂದ ಹತ್ತಿರದ ಮೂರು ಜಾಗಗಳನ್ನು ಬೇರೆ ಬೇರೆ ಕಾಲದಲ್ಲಿ ನಡೆದು ನೋಡಿದ್ದೇನೆ. ನನ್ನ ಆಯ್ಕೆ ಚಿತ್ರದುರ್ಗ. ನೀರಿನ ಚೆಲುವೊಂದನ್ನೇ ಅಳೆದರೆ ಮಾರಿಕಣಿವೆಯನ್ನು ಮೀರಿಸುವುದು ಈ ಸೀಮೆಯಲ್ಲಿ ಬೇರೊಂದಿಲ್ಲ. ಆದರೂ ಒಬ್ಬಳೇ ಹೋಗುವವಳಿಗೆ ಚಿತ್ರದುರ್ಗವೇ ಸರಿ ಎಂದು ನಾನು ಹೇಳುವುದಕ್ಕೆ ಕಾರಣಗಳಿವೆ.

ಮೊದಲನೆಯದು, ಬಸ್ಸಿನಿಂದ ಇಳಿದ ಮೇಲೆ ಚಿತ್ರದುರ್ಗದಲ್ಲಿ ಬೇರೆ ವಾಹನದ ಹಂಗಿಲ್ಲ. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್; ಸರ್ಕಾರಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಹೋಗಿಬರುತ್ತಿದ್ದೇನೆ. ನಿಲ್ದಾಣದಿಂದ ಕೋಟೆಗೆ ಪೇಟೆಯೊಳಗಿಂದ ನಡೆದೇ ಹೋಗಬಹುದು, ದಾರಿಯುದ್ದಕ್ಕೂ ಜನರಿರುತ್ತಾರೆ. ಕೋಟೆಯ ಪ್ರವೇಶಕ್ಕೆ 25 ರೂಪಾಯಿ. ಇಷ್ಟರಲ್ಲಿ ದಿನವಿಡೀ ಹತ್ತಿ ಇಳಿಯುವಷ್ಟು ಬೆಟ್ಟ ಸಿಗುತ್ತದೆ.

ಕೋಟೆಯನ್ನು ಹೆಚ್ಚಿನವರು ಒನಕೆ ಓಬವ್ವನ ಕಿಂಡಿಯವರೆಗೆ ನೋಡಿ ಹಿಂದಿರುಗುತ್ತಾರೆ. ಚಾರಣದ ಕಣ್ಣಿನಿಂದ ನೋಡುವವರು ನೀರಿನ ಜಾಡು ಹಿಡಿದು ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಡಿದಿಟ್ಟ ಪಾಳೆಯಗಾರರ ಕಾಲದ ಜಾಣ್ಮೆಯನ್ನು ಕಾಲ್ನಡಿಗೆಯಲ್ಲಿ ಕಂಡಾಗ, 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಈ ದುರ್ಗ ಅಷ್ಟೊಂದು ಮುತ್ತಿಗೆಗಳನ್ನು ಹೇಗೆ ತಾಳಿತೆಂಬುದು ಅರ್ಥವಾಗುತ್ತದೆ. ತುಪ್ಪದ ಕೊಳದ ಬತೇರಿಗೆ ಹತ್ತುವ ಕಡಿದಾದ ಬಂಡೆಯಲ್ಲಿ ಪಾದ ಊರಲು ಗುಳಿಗಳನ್ನು ಕೊರೆದಿದ್ದಾರೆ. ಒಣ ಹವೆಯಲ್ಲಿ ಅದು ಬಹಳ ಸೊಗಸಾದ ಏರು, ಮಳೆ ಬಿದ್ದ ದಿನ ಅದರ ತಂಟೆಗೆ ಹೋಗಬಾರದು.

ಇಳಿಹೊತ್ತಿಗೆ ಚಂದ್ರವಳ್ಳಿ. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಈ ಕಣಿವೆಯ ಕೆರೆಯ ದಡದಲ್ಲಿ ಕುಳಿತರೆ ಜಿಲ್ಲಾ ಕೇಂದ್ರವೊಂದರ ಮಗ್ಗುಲಲ್ಲೇ ಇದ್ದೇನೆಂದು ನಂಬುವುದು ಕಷ್ಟ. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದರಲ್ಲಿ ಉಲ್ಲೇಖವಾಗಿರುವುದೂ ಕೆರೆಯ ಕೆಲಸವೇ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದು ಇದೇ ಕಣಿವೆಯಲ್ಲಿ. ಅಂಕಲಿ ಮಠದ ಗವಿಯೊಳಗೆ ಕತ್ತಲೆ ಗಾಢವಾದ್ದರಿಂದ ನಾನು ಯಾವುದಾದರೂ ಕುಟುಂಬದವರು ಬರುವವರೆಗೆ ಕಾದು, ಅವರೊಂದಿಗೆ ಒಳಗೆ ಹೋಗುತ್ತೇನೆ. ಈ ಬೆಟ್ಟಗಳಲ್ಲಿ ಕರಡಿಗಳಿವೆ. ಹೊತ್ತು ಮುಳುಗುವ ಮುನ್ನ ಹೊರಬೀಳಬೇಕು, ಇದರಲ್ಲಿ ರಾಜಿ ಬೇಡ.

ಸೂಳೆಕೆರೆಯ ವಿಸ್ತಾರ ಬೇರೆಯೇ ಬಗೆಯದು. ಎರಡು ಗುಡ್ಡಗಳ ನಡುವಿನ ಕಂಡಿಗೆ ಏರಿ ಹಾಕಿ ಹರಿದ್ರಾ ನದಿಯನ್ನು ತಡೆದ, ಶತಮಾನಗಳಷ್ಟು ಹಳೆಯ ಈ ಕೆರೆಯ ನೀರನ್ನೇ ಚಿತ್ರದುರ್ಗದ ಜನ ಕುಡಿಯುತ್ತಾರೆ. ಆದರೆ ನಡೆಯುವವರಿಗೆ ಇಲ್ಲಿ ಸಿಗುವುದು ಏರಿ ಮತ್ತು ಸಿದ್ಧೇಶ್ವರ ಗುಡಿಯ ಸುತ್ತಮುತ್ತಲಿನ ಗುಡ್ಡ ಮಾತ್ರ. ಅರ್ಧ ದಿನದಲ್ಲಿ ಮುಗಿಯುತ್ತದೆ. ಆ ಕಡೆಗೆ ನಾನು ಕಾದು ನಿಂತಾಗಲೆಲ್ಲ ಬಂದದ್ದು ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಸ್ವಂತ ಸ್ಕೂಟರ್ ಇದ್ದವರು ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯನ್ನೂ ಸೇರಿಸಿಕೊಂಡರೆ ಒಳ್ಳೆಯ ಭಾನುವಾರವಾಗುತ್ತದೆ.

ಮಾರಿಕಣಿವೆಗೆ ಬರೋಣ. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಂಬಿದ ಆ ನೀರನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕೆಂಬ ಆಸೆಯಿಂದ ಹಿಂದಿನ ಸಂಜೆಯೇ ಸಮೀಪದ ಪಟ್ಟಣಕ್ಕೆ ಹೋಗಿ ಕೋಣೆ ಕೇಳಿದೆ. ತೊಡಕು ಶುರುವಾದದ್ದು ಅಲ್ಲಿಂದ.

ಮೊದಲ ವಸತಿಗೃಹದಲ್ಲಿ ಆಧಾರ್ ಚೀಟಿಯನ್ನು ಕೈಗೆ ತೆಗೆದುಕೊಂಡ ಮ್ಯಾನೇಜರ್, "ಜೊತೆಗೆ ಯಾರಿದ್ದಾರೆ ಮೇಡಂ?" ಎಂದರು. ಯಾರೂ ಇಲ್ಲವೆಂದ ಕೂಡಲೇ ಅದನ್ನು ಹಿಂದಕ್ಕೆ ಕೊಟ್ಟು, "ಫ್ಯಾಮಿಲಿ ಆದ್ರೆ ಕೊಡ್ತೀವಿ, ಒಬ್ರೇ ಲೇಡೀಸ್‌ಗೆ ಕೊಡಲ್ಲ" ಎಂದರು. ಎರಡನೆಯ ಕಡೆ ಎದುರಿಗೆ ಬೀಗದ ಕೈಗಳ ಸಾಲೇ ತೂಗುತ್ತಿದ್ದರೂ ಕೋಣೆ ಖಾಲಿಯಿಲ್ಲ ಎಂಬ ಉತ್ತರ ಬಂತು. ಮೂರನೆಯ ಕಡೆ ಮನೆಯ ಗಂಡಸರಲ್ಲಿ ಯಾರಾದರೂ ಫೋನಿನಲ್ಲಿ ಒಪ್ಪಿಗೆ ಕೊಡಬೇಕೆಂದರು. ನಾನು ದುಡಿಯುವವಳು, ಕಚೇರಿಯ ಗುರುತಿನ ಚೀಟಿಯೂ ಇತ್ತು. ಆದರೂ ಕತ್ತಲಾಗುತ್ತಿದ್ದುದರಿಂದ ಅಣ್ಣನಿಗೆ ಕರೆ ಮಾಡಿಕೊಟ್ಟೆ. ಆಮೇಲೆ ಇಬ್ಬರ ಕೋಣೆಯ ಪೂರ್ತಿ ಬಾಡಿಗೆ ಕಟ್ಟಿಸಿಕೊಂಡು ಬೀಗದ ಕೈ ಕೊಟ್ಟರು. ಆ ರಾತ್ರಿಯ ಬಾಡಿಗೆಯಲ್ಲಿ ನಾನು ಚಿತ್ರದುರ್ಗಕ್ಕೆ ಹಲವು ಬಾರಿ ಹೋಗಿಬರಬಹುದಿತ್ತು.

ಒಬ್ಬಳೇ ಬಂದ ಹೆಣ್ಣಿಗೆ ಕೋಣೆ ಕೊಡಬಾರದೆಂಬ ಕಾನೂನು ಯಾವುದೂ ಇಲ್ಲ. ಒಬ್ಬರೇ ಬಂದವರಿಂದ ಏನಾದರೂ ಅನಾಹುತವಾದರೆ ಪೊಲೀಸರ ಓಡಾಟ ತಮ್ಮ ತಲೆಗೆ ಬರುತ್ತದೆಂಬ ಭಯವನ್ನು ಮೂರನೆಯವರು ಬಾಯಿಬಿಟ್ಟು ಹೇಳಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆಯನ್ನು, ಗುರುತಿನ ಚೀಟಿ ಹಿಡಿದು ನಿಂತ ಪ್ರತಿಯೊಬ್ಬ ಹೆಣ್ಣುಮಗಳೂ ಸಂಜೆಯ ಹೊತ್ತಿನಲ್ಲಿ ಬೀದಿಯಿಂದ ಬೀದಿಗೆ ಅಲೆದು ತೆರಬೇಕೆನ್ನುವುದು ಅನ್ಯಾಯ. ಚಾರಣದ ದಣಿವಿಗಿಂತ ಇದು ಹೆಚ್ಚು ದಣಿಸುತ್ತದೆ.

ಅಂದಿನಿಂದ ನಾನು ಹೊರಡುವ ಮೊದಲೇ ಫೋನ್ ಮಾಡಿ, ಹೆಸರು ಹೇಳಿ, "ಒಬ್ಬಳೇ ಬರುತ್ತಿದ್ದೇನೆ, ಕೊಡುತ್ತೀರಾ?" ಎಂದು ನೇರವಾಗಿ ಕೇಳುತ್ತೇನೆ, ಒಪ್ಪಿದವರ ಹೆಸರು ಬರೆದಿಟ್ಟುಕೊಂಡು ಬೆಳಕಿರುವಾಗಲೇ ತಲುಪುತ್ತೇನೆ. ಚಿತ್ರದುರ್ಗದಲ್ಲಿ ಹೀಗೆ ಕೇಳಿದಾಗ ಬಸ್ ನಿಲ್ದಾಣದ ಸಮೀಪದ ಒಂದು ಕಡೆ 700 ರೂಪಾಯಿಗೆ ತಕರಾರಿಲ್ಲದೆ ಕೋಣೆ ಸಿಕ್ಕಿತು. ಪರೀಕ್ಷೆಗೂ ಕಚೇರಿ ಕೆಲಸಕ್ಕೂ ಹೆಣ್ಣುಮಕ್ಕಳು ಒಂಟಿಯಾಗಿ ಬಂದುಹೋಗುವ ಊರಾದ್ದರಿಂದ ಅವರಿಗೆ ಅದು ವಿಶೇಷವೆನಿಸಲಿಲ್ಲ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಕೋಣೆ ಸಿಗದಿದ್ದರೂ ರಾತ್ರಿ ಊಟದ ಹೊತ್ತಿಗೆ ದಾವಣಗೆರೆಯ ಮನೆ ಸೇರಬಹುದು.

ಊಟ ಮೂರೂ ಕಡೆ ಅಗ್ಗ. ಚಿತ್ರದುರ್ಗದಲ್ಲಿ ಆಯ್ಕೆ ಹೆಚ್ಚು. ಜೋಗಿಮಟ್ಟಿ ವನ್ಯಧಾಮವನ್ನು ಹೋಲಿಕೆಗೆ ಸೇರಿಸಿಲ್ಲ, ಅದು ಒಬ್ಬರೇ ನಡೆದು ಹೋಗುವ ಜಾಗವಲ್ಲ.

ಜೊತೆಗೆ ಗೆಳತಿಯರಿದ್ದು ಜಲಾಶಯ ತುಂಬಿರುವ ವರ್ಷವಾದರೆ ಮಾರಿಕಣಿವೆಗೇ ಹೋಗಿ. ಒಂಟಿಯಾಗಿ, ಸಾವಿರ ರೂಪಾಯಿಯೊಳಗೆ, ಬಸ್ಸನ್ನೇ ನಂಬಿ ಹೊರಡುವುದಾದರೆ ಮಳೆ ನಿಂತು ಹೊಂಡಗಳು ತುಂಬಿರುವ ನವೆಂಬರ್‌ನಲ್ಲಿ ದುರ್ಗಕ್ಕೆ ಬನ್ನಿ. ಬಂಡೆ ಕಾಯುವ ಮೊದಲೇ ತುಪ್ಪದ ಕೊಳ ಹತ್ತಿ ಇಳಿಯಿರಿ, ನೀರಿನ ಬಾಟಲಿ ಎರಡಿರಲಿ.