ಹಳೇ ಗ್ರಿಲ್‌ನ ಉರಿ ತಗ್ಸೋಕೆ ಏನೇನೋ ಮಾಡ್ದೆ, ಕೊನೆಗೆ ನಡು ಬರ್ನರ್ ಆರ್ಸಿದ್ದೇ ಸರಿಹೋಯ್ತು

ಮೊದ್ಲೇ ಹೇಳ್ಬಿಡ್ತೀನಿ, ಮುಂದಿನ ಬರ್ನರ್ರು ಹಿಂದಿನ ಬರ್ನರ್ರು ಎರಡನ್ನೂ ಸಣ್ಣ ಉರಿಲಿಟ್ಟು, ನಡುವಿನದು ಪೂರ್ತಿ ಆಫ್ ಮಾಡಿ, ಮುಚ್ಚಳ ಮುಚ್ಚಿ ಬೇಯ್ಸೋದೇ ನಂಗಿಷ್ಟ. ಉಳಿದ ದಾರಿಗಳನ್ನೂ ಒಂದೊಂದಾಗಿ ನೋಡಿದೀನಿ, ಒಂದ್ರಲ್ಲಿ ದುಡ್ಡೂ ಹೋಯ್ತು, ಅದಕ್ಕೇ ಬರೀತಿದೀನಿ.

ಗ್ರಿಲ್ಲು ವೆಬರ್ ಜೆನೆಸಿಸ್ ಸಿಲ್ವರ್ ಬಿ, ನಾಬ್‌ಗಳು ಬಲಗಡೆ ಇರೋ ಹಳೇ ಮಾಡಲ್ಲು, ಪ್ರೊಪೇನ್ ಟ್ಯಾಂಕಿಂದು. ನಾವಿರೋದು ನಾರ್ತ್ ಕೆರೊಲೈನಾದ ಕ್ಯಾರಿಲಿ, ಪಕ್ಕದ ಬೀದಿಲಿ ಮನೆ ಖಾಲಿ ಮಾಡ್ತಿದ್ದವ್ರು 40 ಡಾಲರ್‌ಗೆ ಕೊಟ್ರು. ಒಳಗೆ ಬೆರಳು ದಪ್ಪ ಜಿಡ್ಡು, ಬರ್ನರ್‌ಗಳ ತೂತೆಲ್ಲ ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಎರಡು ಶನಿವಾರ ಕೂತು ಕೆರೆದು, ಹೊಸ ಬರ್ನರ್, ಹೊಸ ಜಾಲರಿ, ಹೊಸ ಫ್ಲೇವರೈಜರ್ ಬಾರ್ (ಬರ್ನರ್ ಮೇಲೆ ಕೂತು ಕೊಬ್ಬು ನೇರ ಉರಿಗೆ ಬೀಳದಂಗೆ ತಡೆಯೋ ಲೋಹದ ಪಟ್ಟಿ), ಹೊಸ ಹೋಸು ರೆಗ್ಯುಲೇಟರ್ ಎಲ್ಲ ಹಾಕಿ, ಸೋಪ್ ನೀರು ಹಚ್ಚಿ ಎಲ್ಲೂ ಗುಳ್ಳೆ ಬರ್ತಿಲ್ಲ ಅಂತ ನೋಡ್ಕೊಂಡು ಹಚ್ಚಿದ್ದಾಯ್ತು.

ಮೂರೂ ಬರ್ನರ್ ಲೋದಲ್ಲಿಟ್ಟು ಮುಚ್ಚಳ ಹಾಕಿದ್ರೆ ಹದಿನೈದು ನಿಮಿಷಕ್ಕೆ ಮುಚ್ಚಳದ ಥರ್ಮಾಮೀಟರ್ ಮುಳ್ಳು 450 ಡಿಗ್ರಿ ಫ್ಯಾರನ್‌ಹೀಟ್ ದಾಟ್ತು, ಅದಕ್ಕಿಂತ ಕೆಳಗೆ ಇಳೀಲೇ ಇಲ್ಲ. ಆವಾಗ ಅಮ್ಮ ಮಂಡ್ಯದಿಂದ ಬಂದಿದ್ರು, ಮೊಸರು, ಅಚ್ಚಖಾರದ ಪುಡಿ, ಚೂರು ಬೆಲ್ಲ ಹಾಕಿ ಕೋಳಿ ಕಾಲು ನೆನೆಸಿಟ್ಟಿದ್ರು. ಬೆಲ್ಲ ಬೇರೆ, ಹತ್ತು ನಿಮಿಷಕ್ಕೆ ಕಪ್ಪಾಯ್ತು. ಅಮ್ಮ ಒಂದು ತುಂಡು ಬಿಡಿಸಿ ನೋಡಿ, "ಏನೋ ಮಗನೇ, ಮೇಲೆ ಇದ್ಲು, ಮೂಳೆ ಹತ್ರ ಇನ್ನೂ ರಕ್ತ" ಅಂದ್ರು. ಎಲ್ಲಾನೂ ಒಳಗೊಯ್ದು ಓವನ್‌ನಲ್ಲಿ ಬೇಯಿಸ್ಬೇಕಾಯ್ತು.

ರಿಪೇರಿಲಿ ಏನಾದ್ರೂ ತಪ್ಪಾಯ್ತಾ ಅಂತ ತುಂಬ ತಲೆ ಕೆಡಿಸ್ಕೊಂಡೆ. ತಪ್ಪೇನಿಲ್ಲ. ಜ್ವಾಲೆ ನೀಲಿಯಾಗೇ ಇತ್ತು. ಹಳೇ ಬರ್ನರ್‌ನಲ್ಲಿ ಅರ್ಧ ತೂತು ಕಟ್ಟಿರತ್ತೆ, ಹೊಸದ್ರಲ್ಲಿ ಎಲ್ಲಾ ತೂತಲ್ಲೂ ಉರಿ ಬರತ್ತೆ, ಮೇಲಿಂದ ಮುಚ್ಚಳ ಮುಚ್ಚಿದ್ರೆ ಅದು ಒಲೆ ಅಲ್ಲ, ಓವನ್ನು. ಮೂರು ಸಣ್ಣ ಉರಿ ಸೇರಿದ್ರೆ ಸಣ್ಣ ಉರಿ ಆಗಲ್ಲ, ಅಷ್ಟೇ ವಿಷ್ಯ.

ಮೊದಲನೇ ಪ್ರಯತ್ನ, ಮುಚ್ಚಳದ ಕೆಳಗೆ ಮರದ ತುಂಡು ಕೊಟ್ಟು ನಾಲ್ಕು ಬೆರಳು ತೆರೆದಿಡೋದು. ಮುಳ್ಳು ಇಳೀತು, ಆದ್ರೆ ಕೆಳಗಿನ ಉರಿ ಹಾಗೇ ಇರತ್ತಲ್ಲ, ತಳ ಸೀದು ಮೇಲ್ಭಾಗ ಹಸಿ. ಜೊತೆಗೆ ಗಾಳಿ. ಒಂದ್ ಸಂಜೆ ಗಾಳಿ ಬೀಸಿ ಹಿಂದಿನ ಬರ್ನರ್ ಆರಿಹೋಗಿತ್ತು, ನಂಗೆ ಗೊತ್ತಾಗಿದ್ದು ಗ್ಯಾಸ್ ವಾಸನೆ ಬಂದಾಗ. ತಕ್ಷಣ ಎಲ್ಲಾ ನಾಬ್ ಆಫ್, ಟ್ಯಾಂಕ್ ಆಫ್, ಮುಚ್ಚಳ ಪೂರ್ತಿ ತೆರೆದು, ಮಕ್ಕಳನ್ನ ಒಳಗೆ ಕಳ್ಸಿ, ವಾಸನೆ ಹೋಗೋವರೆಗೂ ದೂರ ನಿಂತಿದ್ದೆ. ಅವತ್ತಿಂದ ಆ ದಾರಿ ಬಿಟ್ಟೆ, ನೀವೂ ಮಾಡ್ಬೇಡಿ.

ಎರಡನೇದು ರೆಗ್ಯುಲೇಟರ್ ಬದಲಾಯ್ಸೋದು. ಗ್ಯಾಸ್ ಕಮ್ಮಿ ಬಿಟ್ರೆ ಉರಿ ಕಮ್ಮಿ ಆಗತ್ತೆ ಅಂದ್ಕೊಂಡು ತಿರುಗಿಸೋ ಗುಬುಟಿರೋ ಒಂದು ರೆಗ್ಯುಲೇಟರ್ ಆನ್‌ಲೈನ್‌ನಲ್ಲಿ 28 ಡಾಲರ್ ಕೊಟ್ಟು ತರ್ಸಿದೆ, ಎಲ್ಲಾ ಗ್ರಿಲ್‌ಗೂ ಆಗತ್ತೆ ಅಂತ ಬರೆದಿದ್ರು. ಕೈಗೆ ಬಂದ್ಮೇಲೆ ನೋಡಿದ್ರೆ ಮೈಮೇಲೆ 0-20 ಪಿಎಸ್‌ಐ (ಒತ್ತಡದ ಅಳತೆ) ಅಂತಿದೆ. ಅದು ಟರ್ಕಿ ಕೋಳಿ ಕರಿಯೋ ದೊಡ್ಡ ಒಲೆಗಳಿಗೆ ಹಾಕೋ ಹೈ ಪ್ರೆಷರ್ ಸಾಮಾನು. ನಮ್ಮ ಗ್ರಿಲ್‌ಗೆ ಬೇಕಿರೋದು 11 ಇಂಚು ನೀರಿನ ಕಂಬದಷ್ಟು ಒತ್ತಡ, ಅಂದ್ರೆ ಅರ್ಧ ಪಿಎಸ್‌ಐಗಿಂತ ಕಮ್ಮಿ. ಹಾಕೋಕೆ ಮುಂಚೆ ಓದಿದ್ದಕ್ಕೆ ಸರಿಹೋಯ್ತು. ಫ್ರೆಂಡ್ ಒಬ್ರು ಇನ್ನೊಂದು ಹೇಳಿದ್ರು, ನಾಬ್ ತೆರೆದಿಟ್ಟು ಟ್ಯಾಂಕ್ ವಾಲ್ವ್ ಒಂದೇ ಸಲ ತಿರುಗಿಸಿದ್ರೆ ಉರಿ ತಾನೇ ಸಣ್ಣಗಾಗತ್ತೆ ಅಂತ. ಆಗತ್ತೆ ನಿಜ, ಆದ್ರೆ ಅದು ಹೋಸ್ ಬಿಚ್ಚಿಹೋಗಿದೆ ಅಂತ ಅಂದ್ಕೊಂಡು ಗ್ಯಾಸ್ ತಡೆಯೋ ಸೇಫ್ಟಿ, ಅದನ್ನ ನಂಬ್ಕೊಂಡು ಅಡುಗೆ ಮಾಡಕ್ಕಾಗಲ್ಲ.

ಮೂರನೇದು ಜಾಲರಿ ಮೇಲೆ ಕಬ್ಬಿಣದ ಕಾವಲಿ ಇಡೋದು. ಪನೀರ್‌ಗೆ, ಮೀನಿಗೆ ಚೆನ್ನಾಗಿದೆ. ಕೋಳಿಗೆ ಬೇಡ.

ಇನ್ನು ನಡು ಬರ್ನರ್ ಆರ್ಸೋದು. ಈ ಮಾಡಲ್‌ನಲ್ಲಿ ಬರ್ನರ್‌ಗಳು ಎಡದಿಂದ ಬಲಕ್ಕೆ ಮಲಗಿರತ್ವೆ, ಒಂದು ಮುಂದೆ, ಒಂದು ನಡುವೆ, ಒಂದು ಹಿಂದೆ. ನಡುವಿನದು ಆರ್ಸಿದ್ರೆ ಜಾಲರಿ ಮಧ್ಯೆ ಉದ್ದಕ್ಕೂ ಒಂದು ಜಾಗ ಸಿಗತ್ತೆ, ಕೆಳಗಿಂದ ಉರಿ ತಾಗಲ್ಲ, ಸುತ್ತ ಬಿಸಿ ಓಡಾಡತ್ತೆ. ಮುಳ್ಳು 350ರ ಹತ್ರ ನಿಲ್ತು. ಜಾಲರಿ ಮೇಲೆ ಓವನ್ ಥರ್ಮಾಮೀಟರ್ ಇಟ್ಟು ನೋಡಿದ್ರೆ ಅಲ್ಲಿ 320, ಅದಕ್ಕೇ ಮುಚ್ಚಳದ ಮುಳ್ಳೊಂದನ್ನೇ ನಂಬ್ಬೇಡಿ.

ಇಷ್ಟಾದ್ರೂ ಮೊದಲ ಎರಡು ಸಲ ಕೋಳಿಗೆ ಬೆಂಕಿ ಹತ್ತಿಕೊಳ್ತು. ಇದು ನನ್ನನ್ನ ಮೂರು ವಾರ ಕಾಡಿದ್ದು. ಉರಿ ಸಣ್ಣಗಿದೆ, ಕೋಳಿ ನಡುವೆ ಇದೆ, ಆದ್ರೂ ಇದ್ದಕ್ಕಿದ್ದಂಗೆ ಮುಂದಿನ ಬರ್ನರ್ ಕಡೆಯಿಂದ ಭಗ್ಗ್ ಅಂತ ಹಳದಿ ಬೆಂಕಿ. ಜಾಲರಿ ಎತ್ತಿ ನೋಡ್ತೀನಿ, ಒಂದು ಬಾರ್‌ನ ಎಡ ತುದಿ ಅಂಚಿಂದ ಜಾರಿ ಬರ್ನರ್ ಮೇಲೆ ಬಿದ್ದಿದೆ, ಕೋಳಿಯ ಕೊಬ್ಬೆಲ್ಲ ಆ ಇಳಿಜಾರಲ್ಲಿ ನೇರ ಉರಿಗೆ ಹರೀತಿದೆ. ಸರಿಯಾಗಿ ಕೂರಿಸ್ದೆ, ಮುಂದಿನ ವಾರ ಮತ್ತೆ ಬಿತ್ತು. ಗ್ರಿಲ್ ಬಾಕ್ಸ್‌ನ ಅಂಚು ಸವೆದು ಹೋಗಿರ್ಬೇಕು ಅಂತ ಬೆರಳಲ್ಲಿ ಸವರಿ ಸವರಿ ನೋಡ್ದೆ, ಚೆನ್ನಾಗೇ ಇದೆ. ಕೊನೆಗೆ ಟೇಪ್ ತಗೊಂಡು ಬಾರ್ ಅಳೆದ್ರೆ 21.5 ಇಂಚು. ಸಿಲ್ವರ್ ಬಿಗೆ ಬೇಕಿರೋದು 22.5. ಸಿಲ್ವರ್ ಎ ಅಂತ ಎರಡೇ ಬರ್ನರ್‌ನ ಚಿಕ್ಕದೊಂದಿದೆ, ಇದು ಅದರ ಬಾರು. ಮಾರಿದವ್ರು ಎ, ಬಿ, ಸಿ ಏನೂ ಹೇಳ್ದೆ ಬರೀ ಜೆನೆಸಿಸ್ ಸಿಲ್ವರ್ ಅಂತ ಹಾಕಿದ್ರು, ವಾಪಸ್ ತಗೊಳ್ಳಿ ಅಂದ್ರೆ ಬಳಸಿದ್ದು ಆಗಲ್ಲ ಅಂದ್ರು. ತಣ್ಣಗಿದ್ದಾಗ ಎರಡೂ ತುದಿ ಅಂಚಲ್ಲಿ ಹೇಗೋ ಕೂತಿರತ್ತೆ, ಜಾಲರಿ ಉಜ್ಜುವಾಗ ಒಂದ್ ಸಲ ಅಲುಗಿದ್ರೆ ಸಾಕು, ಜಾರತ್ತೆ. ಒಂದಿಂಚಿನ ವ್ಯತ್ಯಾಸಕ್ಕೆ ಮೂರು ವಾರ ಬರ್ನರ್‌ನ, ಗ್ಯಾಸ್‌ನ, ಬೆಲ್ಲನ ಎಲ್ಲಾನೂ ಅನುಮಾನಿಸಿದ್ದಾಯ್ತು. 22.5 ಇಂಚಿಂದು ಸ್ಟೇನ್‌ಲೆಸ್ ಸ್ಟೀಲ್‌ನಲ್ಲೇ ತಗೊಂಡೆ, ಎನಾಮೆಲ್‌ದು ಅಗ್ಗ, ಆದ್ರೆ ಎನಾಮೆಲ್ ಚಕ್ಕೆ ಎದ್ದ ಕಡೆಯಿಂದ ತುಕ್ಕು ಶುರುವಾಗತ್ತೆ. ಆಮೇಲೆ ಒಂದ್ ಸಲನೂ ಹಾಗೆ ಬೆಂಕಿ ಎದ್ದಿಲ್ಲ.

ಜಾಲರಿ ವಿಷ್ಯದಲ್ಲಿ ನಂದು ಸ್ಟೇನ್‌ಲೆಸ್ ಕಂಬಿದೇ. ಬೀಡು ಕಬ್ಬಿಣದ್ದು ಬಿಸಿ ಹಿಡ್ಕೊಂಡು ಕೂರತ್ತೆ, ಉರಿ ತಗ್ಸಿದ್ರೂ ಬೇಗ ತಣಿಯಲ್ಲ.

ನಮ್ಮನೇಲಿ ವಾರಕ್ಕೆರಡು ಸಲ ಗ್ರಿಲ್ ಹಚ್ತೀವಿ, ಯಾವಾಗ್ಲೂ ಬದನೆಕಾಯಿಂದ ಶುರು. ಮೂರೂ ಬರ್ನರ್ ಪೂರ್ತಿ ಉರಿ, ಗುಂಡು ಬದನೆಗೆ ಎಣ್ಣೆ ಸವರಿ ನಾಲ್ಕು ಕಡೆ ಚುಚ್ಚಿ ಇಟ್ರೆ ಸಿಪ್ಪೆ ಬಿರಿದು, ತೊಟ್ಟಿನ ಹತ್ರ ರಸ ಬುಸುಬುಸು ಅನ್ನೋವಾಗ ತೆಗೀಬೇಕು, ಸುಟ್ಟ ಗೊಜ್ಜಿಗೆ ಅದೇ ಹದ. ಆ ದೊಡ್ಡ ಉರಿ ನಂಗೆ ಬೇಕು, ಅದಕ್ಕೇ ಗ್ಯಾಸನ್ನೇ ಕಮ್ಮಿ ಮಾಡೋ ಯಾವ ಸಾಮಾನೂ ನಂಗೆ ಬೇಡ. ಬದನೆ ಇಳಿಸಿ, ನಡು ಬರ್ನರ್ ಆಫ್, ಉಳಿದೆರಡು ಲೋ, ಎರಡು ಬರ್ನರ್ರೂ ಉರೀತಿದ್ಯಾ ಅಂತ ನೋಡ್ಕೊಂಡು ಐದು ನಿಮಿಷ ಮುಚ್ಚಳ ತೆರೆದು ಬಿಸಿ ಬಿಟ್ಟು, ಆಮೇಲೆ ಕೋಳಿ. ಕಾಲಿಗೆ ಮುಕ್ಕಾಲು ಗಂಟೆ ಹಿಡಿಯತ್ತೆ, ಒಳಗೆ 165 ದಾಟಿದ್ಮೇಲೂ ಇನ್ನೊಂದ್ ಸ್ವಲ್ಪ ಬಿಟ್ರೆ ಮೂಳೆ ಸಲೀಸಾಗಿ ಬರತ್ತೆ. ಬೆಲ್ಲದ ನೀರು ಕೊನೇ ಐದು ನಿಮಿಷಕ್ಕೆ ಸವರ್ತೀನಿ. ಖರ್ಚು ಸೊನ್ನೆ, ಇರೋ ನಾಬ್ ತಿರುಗಿಸೋದಷ್ಟೇ. ಅಮ್ಮ ಊರಿಗೆ ಹೋಗೋ ಹಿಂದಿನ ದಿನ ಎರಡು ಕಾಲು ತಿಂದು ಮೂರನೇದಕ್ಕೆ ಕೈ ಹಾಕಿದ್ರು.

ಆ 21.5 ಇಂಚಿನ ಬಾರ್‌ಗಳು ಗ್ಯಾರೇಜಲ್ಲಿವೆ. ಈ ಕಡೆ ಯಾರ ಹತ್ರನಾದ್ರೂ ಸಿಲ್ವರ್ ಎ ಇದ್ರೆ ಹೇಳಿ, ಬಂದು ತಗೊಂಡ್ಹೋಗಿ, ದುಡ್ಡೇನೂ ಬೇಡ.