ಮಕ್ಕಳ ಗ್ರಾಮಸಭೆ: ಕಲಬುರಗಿ, ಯಾದಗಿರಿ ಊರುಗಳಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಮತದ ಹಕ್ಕಿಲ್ಲದ ಮಕ್ಕಳು ಪಂಚಾಯಿತಿ ಅಧ್ಯಕ್ಷರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವ ಜಾಗ ಮಕ್ಕಳ ಗ್ರಾಮಸಭೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಕೇಳುವುದೂ ಇದನ್ನೇ: ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತನ್ನು ಕೇಳಬೇಕು. ಕರ್ನಾಟಕದಲ್ಲಿ 2006ರಿಂದ ಈ ಸಭೆ ನಡೆಸುವುದು ಗ್ರಾಮ ಪಂಚಾಯಿತಿಗಳ ಹೊಣೆ. ವ್ಯವಸ್ಥೆ ಒಳ್ಳೆಯದು. ನಮ್ಮ ಭಾಗಕ್ಕೆ ಅದರ ಕಾಲವೇ ಹೊಂದುವುದಿಲ್ಲ.

ಸಭೆಗಳು ಹೆಚ್ಚಾಗಿ ನವೆಂಬರ್ 14ರ ನಂತರ ನಡೆಯುತ್ತವೆ. ಆಗ ಯಾದಗಿರಿ ಕಡೆ ಹತ್ತಿ ಬಿಡಿಸುವ ಹಂಗಾಮು; ಡಿಸೆಂಬರ್ ಬಂತೆಂದರೆ ಕಲಬುರಗಿಯಲ್ಲಿ ತೊಗರಿ ರಾಶಿ. ಕೂಲಿ ಮನೆಗಳ ಎಷ್ಟೋ ಮಕ್ಕಳು ಹೊಲದಲ್ಲಿರುತ್ತಾರೆ, ಗುಳೆ ಹೋದವರ ಮಕ್ಕಳು ಊರಲ್ಲೇ ಇರುವುದಿಲ್ಲ. ಯಾರ ಮಾತು ಮೊದಲು ಕೇಳಬೇಕೋ ಅವರೇ ಗೈರು. ಆಗಸ್ಟ್, ಸೆಪ್ಟೆಂಬರಿನಲ್ಲಿ ಇಟ್ಟುಕೊಂಡರೆ ಅವರೂ ಸಿಗುತ್ತಾರೆ, ಬೇಡಿಕೆ ಮುಂದಿನ ಸಾಲಿನ ಕ್ರಿಯಾಯೋಜನೆಗೂ ಸೇರುತ್ತದೆ.

ಎರಡನೆಯ ಕೊರತೆ ಪೂರ್ವತಯಾರಿಯದು. ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮಗು ಮೈಕಿನಲ್ಲಿ ಓದುತ್ತದೆ: ‘ಶೌಚಾಲಯ ಬೇಕು.’ ಶೌಚಾಲಯ ಆಗಲೇ ಇದೆ; ಬಾಗಿಲಿಗೆ ಚಿಲಕವಿಲ್ಲ, ನೀರಿಲ್ಲ ಎಂದು ಹುಡುಗಿಯರು ಒಳಗೆ ಹೋಗುವುದಿಲ್ಲ. ಒಂದು ಚಿಲಕ, ಒಂದು ನಲ್ಲಿ, ಎರಡು ಬಕೆಟ್‌ನಲ್ಲಿ ಮುಗಿಯುವ ಕೆಲಸ ಹೊಸ ಕಟ್ಟಡದ ಬೇಡಿಕೆಯಾಗಿ ಅನುದಾನಕ್ಕೆ ಕಾಯುತ್ತಾ ಬೀಳುತ್ತದೆ. ಇದು ತಪ್ಪಬೇಕಾದರೆ ವಾರ ಮೊದಲೇ ಎಂಟು–ಹತ್ತು ಮಕ್ಕಳ ಗುಂಪು ಮಾಡಿ, ಹುಡುಗಿಯರದು ಬೇರೆಯಾಗಿ, ಊರಲ್ಲಿ ಸುತ್ತಾಡಿಸಬೇಕು. ಡ್ರಾಯಿಂಗ್ ಹಾಳೆಯ ಮೇಲೆ ಮನೆಯಿಂದ ಶಾಲೆಯ ದಾರಿ ಬರೆಸಿ, ಭಯವಾಗುವ ಕಡೆ ಕೆಂಪು ಗುರುತು ಹಾಕಿಸಬೇಕು. ಕಟ್ಟೆಯಿಲ್ಲದ ಬಾವಿ, ದೀಪವಿಲ್ಲದ ತಿರುವು, ಸಾರಾಯಿ ಮಾರುವ ಓಣಿ ಚೀಟಿಯಲ್ಲಿ ಬಾರದಿದ್ದರೂ ನಕ್ಷೆಯಲ್ಲಿ ಬರುತ್ತವೆ.

ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆಯೂ ಬೇಕು, ಕೀಲಿಕೈ ಶಾಲೆಯವರ ಹತ್ತಿರ ಇರಬಾರದು. ಬಾಲ್ಯವಿವಾಹ, ಹೊಡೆತ, ಲೈಂಗಿಕ ಕಿರುಕುಳದ ಚೀಟಿಯನ್ನು ಸಭೆಯಲ್ಲಿ ಓದಲೇಕೂಡದು. ಸಣ್ಣ ಊರಿನಲ್ಲಿ ಅಕ್ಷರ ನೋಡಿಯೇ ಯಾರೆಂದು ಹಿಡಿಯುತ್ತಾರೆ. ಅಂಥ ಚೀಟಿಯ ವಿಷಯ ಅದೇ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಹೋಗಬೇಕು.

ಸಭೆಯ ದಿನ ಹಾರ, ಸ್ವಾಗತ ಭಾಷಣಗಳನ್ನು ಕೈಬಿಟ್ಟರೆ ಎರಡು ತಾಸು ಸಾಕು. ಪಂಚಾಯಿತಿಯೇ ಮಾಡಬಲ್ಲದ್ದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಲ್ಲೇ ದಿನಾಂಕ ಸಮೇತ ನಡಾವಳಿಯಲ್ಲಿ ಬರೆಯಬೇಕು. ಶಿಕ್ಷಕರ ಕೊರತೆ, ಬಸ್ಸಿನಂಥವನ್ನು ಆಯಾ ಇಲಾಖೆಗೆ ಪತ್ರ ಮಾಡಿ, ಪ್ರತಿಯನ್ನು ಶಾಲೆಯ ಫಲಕಕ್ಕೆ ಅಂಟಿಸಬೇಕು. ಈ ಸಭೆಯ ಗುಣ ಅಳೆಯಲು ಫೋಟೊ ನೋಡಬೇಡಿ, ಹೋದ ವರ್ಷದ ಅನುಪಾಲನಾ ವರದಿ, ಅಂದರೆ ಯಾವ ಬೇಡಿಕೆಗೆ ಏನಾಯಿತು ಎಂಬ ಲೆಕ್ಕ, ಕೇಳಿ. ಅದನ್ನು ಮಕ್ಕಳ ಮುಂದೆ ಓದದ ಪಂಚಾಯಿತಿಯಲ್ಲಿ ಮರುವರ್ಷ ಮಕ್ಕಳು ಬಾಯಿ ಬಿಡುವುದಿಲ್ಲ, ಅದು ನ್ಯಾಯವೇ.

ಇನ್ನು ತಾಂಡಾದ ಮಕ್ಕಳಿಗೆ ಲಂಬಾಣಿ, ಪಟ್ಟಣದಂಚಿನ ಊರುಗಳ ಎಷ್ಟೋ ಮಕ್ಕಳಿಗೆ ಉರ್ದು ಮನೆಮಾತು. ಆ ಮಾತು ಬಲ್ಲ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ ಒಬ್ಬರು ಪಕ್ಕದಲ್ಲಿ ಕೂರಬೇಕು. ಆಹ್ವಾನ ಕಳಿಸುವಾಗಲೇ ಅವರ ಹೆಸರೂ ಪಟ್ಟಿಯಲ್ಲಿರಲಿ.