ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿದ್ದಾಗ 14416ಕ್ಕೆ ಫೋನ್ ಮಾಡಿದೆ

ಟೆಲಿ ಮಾನಸ್ ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ. ನಾನು ಅದಕ್ಕೆ ಫೋನ್ ಮಾಡಿದ್ದು ಹೊಟ್ಟೆ ಕೆಟ್ಟಿದ್ದಕ್ಕೆ. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಹಾಗೆ ಒದ್ದಾಡುತ್ತಿರುವವರು ಇನ್ನೂ ಇರುತ್ತಾರೆ, ಅಲ್ವಾ?

ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕ್ಯಾಷಿಯರ್. ವಯಸ್ಸು 41. ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಕೌಂಟರಿನಲ್ಲಿ 10,000 ರೂಪಾಯಿ ಶಾರ್ಟ್ ಬಂತು. ಮೆಷಿನ್‌ಗೆ ಹಾಕಿ ಎಣಿಸಿದೆ, ಕೈಯಲ್ಲಿ ಎಣಿಸಿದೆ, ಡ್ರಾಯರ್ ಎಳೆದು ಅದರ ಹಿಂದೆಯೂ ನೋಡಿದೆ. ಸಿಗಲಿಲ್ಲ. ಆ ದುಡ್ಡು ನಾನೇ ಕಟ್ಟಿದೆ. ದುಡ್ಡಿನ ಸಂಕಟ ಒಂದು ವಾರಕ್ಕೆ ಹೋಯಿತು. ಎಲ್ಲರ ಮುಂದೆ "ಮೇಡಂ, ನೋಡಿಕೊಂಡು ಕೊಡಬೇಕು" ಅನ್ನಿಸಿಕೊಂಡಿದ್ದು ಹೋಗಲಿಲ್ಲ.

ಮಾರನೆಯ ದಿನದಿಂದ ಕ್ಯಾಶ್ ಟ್ಯಾಲಿ ಮಾಡುವ ಹೊತ್ತಿಗೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗತೊಡಗಿತು. ಆಮೇಲಾಮೇಲೆ ಬೆಳಿಗ್ಗೆಯೇ ಶುರು. ಮನೆ ಬಿಡುವ ಮುಂಚೆ ಮೂರು ಸಲ ಟಾಯ್ಲೆಟ್‌ಗೆ. ತಿಂದದ್ದು ಎದೆಯ ಕೆಳಗೆ ಕಲ್ಲಿನ ಹಾಗೆ ಕೂತಿರುತ್ತಿತ್ತು. ಗ್ಯಾಸ್ ಮಾತ್ರೆ ತಿಂದೆ. ಜಾಹೀರಾತು ನೋಡಿ ಪ್ರೋಬಯಾಟಿಕ್ ಪುಡಿ ತರಿಸಿದೆ. ಜೀರಿಗೆ ಕಷಾಯ ಕುಡಿದೆ. ಈರುಳ್ಳಿ ಬಿಟ್ಟೆ, ಬೆಳ್ಳುಳ್ಳಿ ಬಿಟ್ಟೆ, ತೊಗರಿಬೇಳೆ ಸಾರು ಬಿಟ್ಟೆ. ದಾರಿಯಲ್ಲಿ ಅವಸರವಾದರೆ ಏನು ಮಾಡೋದು ಅಂತ ಬಸ್ ಹತ್ತುವುದನ್ನೂ ಬಿಟ್ಟೆ. ಚಿತ್ರದುರ್ಗದ ತವರುಮನೆಗೆ ಹೋಗದೆ ವರ್ಷದ ಮೇಲಾಯಿತು.

ಕೊನೆಗೆ ಹೊಟ್ಟೆಯ ಸ್ಪೆಷಲಿಸ್ಟ್ ಡಾಕ್ಟರ ಹತ್ತಿರ ಹೋದೆ. ರಕ್ತ, ಥೈರಾಯ್ಡ್, ಮಲ ಪರೀಕ್ಷೆ, ಎಂಡೋಸ್ಕೋಪಿ, ಎಲ್ಲಾ ನಾರ್ಮಲ್. ಇದು ಐಬಿಎಸ್ ಅಂದರು, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ ಕಾಡುವ ಕರುಳಿನ ತೊಂದರೆ. ಚೀಟಿಯ ಹಿಂದೆ ಪೆನ್ನಿನಲ್ಲಿ ಮೇಲೊಂದು ತಲೆ ಬರೆದರು, ಕೆಳಗೆ ಕರುಳಿನ ಸುರುಳಿ. ನಡುವೆ ಒಂದು ಗೆರೆ ಎಳೆದು, "ಇದು ವೇಗಸ್ ನರ, ಸುದ್ದಿ ಎರಡೂ ಕಡೆಗೆ ಓಡಾಡುತ್ತೆ" ಅಂದರು. ಅನ್ನನಾಳದಿಂದ ಹಿಡಿದು ಕರುಳಿನ ಕೊನೆಯವರೆಗೆ ಗೋಡೆಯಲ್ಲೇ 10 ಕೋಟಿಗೂ ಜಾಸ್ತಿ ನರಕೋಶಗಳಿವೆಯಂತೆ. ಭಯ, ಒತ್ತಡ ಇದ್ದಾಗ ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಅವಸರ ಮಾಡುತ್ತದೆ. ಮೇಲೆ ಕಲ್ಲು, ಕೆಳಗೆ ಓಟ. ನನ್ನ ಎರಡು ಕಷ್ಟಕ್ಕೂ ಬೇರು ಒಂದೇ ಅಂತ ಗೊತ್ತಾದಾಗ ಅಲ್ಲೇ ಕಣ್ಣಲ್ಲಿ ನೀರು ಬಂತು. "ಎಲ್ಲಾ ನಿನ್ನ ಮನಸ್ಸಿಗೆ ಅನ್ನಿಸೋದು, ಸುಮ್ನಿರು" ಅಂದವರೇ ಅಲ್ಲಿಯವರೆಗೆ ಜಾಸ್ತಿ ಇದ್ದರು. ನನ್ನ ನೋವು ನಿಜವಾದ ನೋವೇ ಅಂತ ಮೊದಲು ಹೇಳಿದ್ದು ಆ ಡಾಕ್ಟರು.

ಆಮೇಲೆ ಇದರ ಬಗ್ಗೆ ಸ್ವಲ್ಪ ಓದಿದೆ. 1822ರಲ್ಲಿ ಅಮೆರಿಕದಲ್ಲಿ ಒಬ್ಬ ಯುವಕನಿಗೆ ಗುಂಡು ತಗುಲಿ ಹೊಟ್ಟೆಯಲ್ಲಿ ಮುಚ್ಚದ ತೂತು ಉಳಿದಿತ್ತು. ವಿಲಿಯಂ ಬೋಮಾಂಟ್ ಅನ್ನುವ ಸೇನಾ ವೈದ್ಯ ಆ ತೂತಿನಿಂದಲೇ ಜೀರ್ಣಕ್ರಿಯೆ ನೋಡಿ ಬರೆದಿಟ್ಟ. ಆ ಯುವಕನಿಗೆ ಸಿಟ್ಟು ಬಂದಾಗ ಜೀರ್ಣದ ಕೆಲಸ ಕೆಡುವುದನ್ನು ಕಣ್ಣಾರೆ ಕಂಡಿದ್ದ. ಇನ್ನೂರು ವರ್ಷದಿಂದ ಗೊತ್ತಿರುವ ವಿಷಯ ಇದು!

ಡಾಕ್ಟರು ಮಾತ್ರೆಯ ಜೊತೆ ಇಸಬ್ಗೋಲ್ ಬರೆದರು. ಕೆಳಗೆ 14416 ಅಂತಲೂ ಬರೆದರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಇದು. ಹಿಂದೆ ನಿಂತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡುವಂತಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬಟ್ಟೆ ಒಣಗಿಸುವ ನೆಪ ಮಾಡಿ ತಾರಸಿಗೆ ಹೋಗಿ ಫೋನ್ ಮಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು. "ನನಗಿರೋದು ಹೊಟ್ಟೆನೋವು, ಇಲ್ಲಿಗೆ ಮಾಡಬಹುದೋ ಇಲ್ವೋ" ಅಂದೆ. "ಮಾಡಬಹುದು ಮೇಡಂ, ನಿಧಾನವಾಗಿ ಹೇಳಿ" ಅಂದರು. ಏನು ತಿಂತೀರಿ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಭಾನುವಾರ ಹೇಗಿರುತ್ತೆ?"

ನನಗೆ ಮಾತೇ ಹೊರಡಲಿಲ್ಲ. ಭಾನುವಾರ ಮನೆಯವರ ಜೊತೆ ಹೋಗಿ ಬೆಣ್ಣೆ ದೋಸೆ ತಿನ್ನುತ್ತೇನೆ. ಮೇಲೊಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಚಟ್ನಿ. ಹೊಟ್ಟೆ ಚಕಾರ ಎತ್ತುವುದಿಲ್ಲ. ಸೋಮವಾರ ಬರೀ ಮಜ್ಜಿಗೆ ಅನ್ನ ತಿಂದರೂ ಓಡಬೇಕು. ಎರಡು ವರ್ಷ ಈರುಳ್ಳಿಯನ್ನು ಬೈದುಕೊಂಡಿದ್ದೆ, ಇದನ್ನು ಗಮನಿಸಿಯೇ ಇರಲಿಲ್ಲ.

ಹತ್ತು ಸಾವಿರದ ವಿಷಯ ಆಮೇಲೆ ತಾನಾಗಿಯೇ ಬಾಯಿಗೆ ಬಂತು. ಮನೆಯಲ್ಲಿ ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ. ಒಬ್ಬರಿಗಾದರೂ ಹೇಳಿ ನೋಡಿ ಅಂದರು. ಆ ರಾತ್ರಿ ಪಾತ್ರೆ ತೊಳೆಯುತ್ತಾ ನಮ್ಮ ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ಇದನ್ನ ಹೊಟ್ಟೆಯಲ್ಲೇ ಇಟ್ಕೊಂಡಿದ್ಯಾ?" ಅಂದರು. ತೊಳೆದ ಲೋಟಗಳನ್ನು ಅವರೇ ಒರೆಸಿಟ್ಟರು.

ಸಹಾಯವಾಣಿಯವರು ಹೇಳಿಕೊಟ್ಟ ಉಸಿರಾಟ ಸುಲಭ. ಹೊಟ್ಟೆಯ ಮೇಲೆ ಕೈ ಇಟ್ಟು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಕೈ ಮೇಲೇಳಬೇಕು, ಎದೆ ಅಲ್ಲ. ಮೊದಲ ಹದಿನೈದು ದಿನ ಏನೂ ವ್ಯತ್ಯಾಸ ಕಾಣಲಿಲ್ಲ. ಬಿಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದರ ಪಕ್ಕ ಆವತ್ತಿನ ತಲೆಬಿಸಿ ಏನು ಅಂತಲೂ ಬರೆದೆ. ಕೌಂಟರ್ ಹಿಂದೆ ನಿಂತು ಏಳು ನಿಮಿಷದಲ್ಲಿ ಮುಗಿಸುತ್ತಿದ್ದ ಊಟವನ್ನು ಕೂತು ಮಾಡತೊಡಗಿದೆ. ಒಂದೂವರೆ ತಿಂಗಳ ಹೊತ್ತಿಗೆ ಬೆಳಗಿನ ಮೂರು ಸಲ ಒಂದಕ್ಕೆ ಇಳಿಯಿತು. ನಡುವೆ ಇನ್ನೆರಡು ಸಲ ಫೋನ್ ಮಾಡಿದ್ದೆ.

ಒಂದು ಮಾತು ಮಾತ್ರ ಕಿವಿಯಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಹೊಟ್ಟೆ ಪರೀಕ್ಷೆ ಮಾಡಲು ಆಗುವುದಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಇದ್ದರೆ ಒತ್ತಡ ಅಂತ ಕೂರಬೇಡಿ, ಮೊದಲು ಡಾಕ್ಟರ ಹತ್ತಿರ ಓಡಿ. ನಾನು ಎಲ್ಲಾ ಪರೀಕ್ಷೆ ಮುಗಿಸಿಯೇ ಫೋನ್ ಮಾಡಿದ್ದು.

ಪೂರ್ತಿ ವಾಸಿಯಾಗಿದೆ ಅನ್ನಲಾರೆ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ವಾರ ಮತ್ತೆ ಕಾಡಿತು. ಖಾಲಿ ಹೊಟ್ಟೆಗೆ ಕಾಫಿ ಈಗಲೂ ಆಗುವುದಿಲ್ಲ. ಈರುಳ್ಳಿ ಮಾತ್ರ ಅಡುಗೆಮನೆಗೆ ವಾಪಸ್ ಬಂದಿದೆ.

ಕಳೆದ ತಿಂಗಳು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋದೆ. ಒಬ್ಬಳೇ, ಕಿಟಕಿ ಪಕ್ಕದ ಸೀಟು. ಭರಮಸಾಗರ ದಾಟಿದ ಮೇಲೆ ನಿದ್ದೆ ಬಂದಿತ್ತು. ಕಂಡಕ್ಟರ್ ಬಂದು ಎಬ್ಬಿಸಿದರು.